ಕಸಿ ಮಾವು ಬೇರೆ, ಕಸಿ ಕಿಡ್ನಿ ಬೇರೆ

ಹೋದ ಬೇಸಿಗೆಯಲ್ಲಿ ಕಮಲಾಪುರದ ನಮ್ಮ ಅತ್ತೆಯ ಮನೆಯಲ್ಲಿ ಕುಬಸ ಇತ್ತು. ರಾತ್ರಿ ಎಂಟಕ್ಕೆ ಮೊದಲ ಪಂಕ್ತಿಗೆ ಎಲೆ ಹಾಕಿದ್ದರು. ಅಷ್ಟರಲ್ಲಿ ತಮ್ಮನ ಫೋನಿನ ಅಲಾರಾಂ ಹೊಡೆಯಿತು. ಕಾಕಾನ ಮಗ, ಆದರೂ ನಮಗೆಲ್ಲ ತಮ್ಮನೇ. ಎದ್ದ, ಜೇಬಿನಿಂದ ಪುಟ್ಟ ಡಬ್ಬಿ ತೆಗೆದ, ಎರಡು ಬಗೆಯ ಗುಳಿಗೆ ನುಂಗಿ ನೀರು ಕುಡಿದ. ಆಮೇಲೆ ಅಂಗಳಕ್ಕೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತ. ಗುಳಿಗೆ ನುಂಗಿ ಒಂದು ತಾಸು ಆಗುವವರೆಗೆ ಅವನು ಏನೂ ತಿನ್ನುವುದಿಲ್ಲ.

ಅತ್ತೆಗೆ ಸಿಟ್ಟು ಬಂತು. “ಎಂಟ ವರ್ಷ ಆತಲ್ಲೋ, ಇನ್ನಾ ಗುಳಿಗಿ ನುಂಗ್ತಿ ಏನಪಾ? ನಮ್ಮ ಹೊಲದಾಗಿನ ಕಸಿ ಮಾವು ವರ್ಷದಾಗ ಒಂದಾಗ್ಯಾದ. ಸ್ವಂತ ಅಕ್ಕನ ಕಿಡ್ನಿ, ಇನ್ನಾ ಹೊಂದಿಲ್ಲಂದ್ರ ಹ್ಯಾಂಗ?”

ತಮ್ಮ ನಕ್ಕು ಸುಮ್ಮನಾದ. ಆದರೆ ಅತ್ತೆಯ ಪ್ರಶ್ನೆ ಚಿಕ್ಕದಲ್ಲ. ಇದೇ ಪ್ರಶ್ನೆಯ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳು ಜೀವಮಾನ ಕಳೆದಿದ್ದಾರೆ. ಅವರಲ್ಲಿ ಒಬ್ಬನಿಗೆ 1960ರಲ್ಲಿ ನೊಬೆಲ್ ಬಂತು.

ಅರ್ಧ ತಪ್ಪು ನಮ್ಮ ಮಾತಿನದೇ ಅನ್ನಿಸುತ್ತದೆ. ಗಿಡಕ್ಕೂ ಕಸಿ ಅನ್ನುತ್ತೇವೆ, ಕಿಡ್ನಿಗೂ ಕಸಿ ಅನ್ನುತ್ತೇವೆ. ಮಾವಿನ ಸಸಿಗೆ ಬೇರೆ ಮಾವಿನ ಟೊಂಗೆ ಕೂಡಿಸಿ ಕಟ್ಟಿದರೆ ಎರಡೂ ಬೆಸೆದುಕೊಳ್ಳುತ್ತವೆ. ಯಾಕೆಂದರೆ ಗಿಡದ ಜೀವಕೋಶಗಳು ಗೋಡೆ ಕಟ್ಟಿಕೊಂಡು ಇದ್ದಲ್ಲೇ ಇರುತ್ತವೆ. ಗಿಡದೊಳಗೆ ತಿರುಗಾಡಿ “ನೀ ಯಾರು, ಎಲ್ಲಿಂದ ಬಂದಿ” ಎಂದು ಕೇಳುವ ಕಾವಲುಗಾರರಿಲ್ಲ. ನಮ್ಮ ಮೈಯಲ್ಲಿ ಇದ್ದಾರೆ. ರಕ್ತದಲ್ಲಿ, ಗಂಟುಗಳಲ್ಲಿ, ಚರ್ಮದ ಕೆಳಗೆ, ಎಲ್ಲ ಕಡೆ. ಬಿಳಿ ರಕ್ತಕಣಗಳು ಅಂತೀವಲ್ಲ, ಅವೇ.

ಈ ಕಾವಲುಗಾರರು ಬೇರೆ ಮನುಷ್ಯನ ಅಂಗವನ್ನು ಗುರುತು ಹಿಡಿದು ಹೊಡೆಯುತ್ತಾರೆ ಎಂದು ಪಕ್ಕಾ ತೋರಿಸಿದವರು ಪೀಟರ್ ಮೆಡವಾರ್. ಹುಟ್ಟಿದ್ದು 1915ರಲ್ಲಿ ಬ್ರೆಜಿಲ್‌ನಲ್ಲಿ, ತಂದೆ ಲೆಬನಾನ್ ಮೂಲದವರು, ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲ. 1940ರಲ್ಲಿ ಅವರ ಮನೆಯ ಹತ್ತಿರವೇ ಒಂದು ಯುದ್ಧವಿಮಾನ ಬಿತ್ತು. ಒಳಗಿದ್ದವನ ಮೈಯೆಲ್ಲ ಸುಟ್ಟಿತ್ತು. ಬೇರೆಯವರ ಚರ್ಮ ಹಚ್ಚಿ ಇಂಥವರನ್ನು ಉಳಿಸಬಹುದಾ? ವೈದ್ಯರು ಹಚ್ಚಿ ನೋಡಿದ್ದರು, ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುವುದಿಲ್ಲ ಎನ್ನುವುದು ಮಾತ್ರ ಯಾರಿಗೂ ಪಕ್ಕಾ ಗೊತ್ತಿರಲಿಲ್ಲ.

ಮೆಡವಾರ್ ಗ್ಲಾಸ್ಗೊ ಆಸ್ಪತ್ರೆಗೆ ಹೋಗಿ ಥಾಮಸ್ ಗಿಬ್ಸನ್ ಎಂಬ ಸರ್ಜನ್ ಜೊತೆ ಕೆಲಸ ಮಾಡಿದರು. ಅಲ್ಲಿ ಸುಟ್ಟ ಗಾಯದ ಒಬ್ಬ ಹೆಣ್ಣುಮಗಳಿದ್ದಳು. ಅವಳದೇ ತೊಡೆಯ ಚರ್ಮದ ಚೂರುಗಳನ್ನೂ ಅವಳ ಒಡಹುಟ್ಟಿದವನ ಚರ್ಮದ ಚೂರುಗಳನ್ನೂ ಗಾಯದ ಮೇಲೆ ಇಟ್ಟರು. ಅವಳದು ಹಿಡಿಯಿತು. ಅವನದೂ ಮೊದಲು ಹಿಡಿದಂತೆ ಕಂಡಿತು, ಆಮೇಲೆ ಕರಗಿಹೋಯಿತು. ಅವನದೇ ಚರ್ಮವನ್ನು ಎರಡನೇ ಸಲ ಹಚ್ಚಿದರು. ಈ ಸಲ ಮೊದಲಿಗಿಂತ ಬೇಗ ಹೋಯಿತು.

ಇಲ್ಲೇ ಇದೆ ಕೀಲಿ. ಚರ್ಮ ಸುಮ್ನೆ ‘ಹೊಂದದೆ’ ಹೋಗಿದ್ದರೆ ಎರಡೂ ಸಲ ಅಷ್ಟೇ ದಿನ ಹಿಡಿಯಬೇಕಿತ್ತು. ಎರಡನೇ ಸಲ ಬೇಗ ಹೋಯಿತು ಅಂದರೆ ಮೈ ನೆನಪಿಟ್ಟುಕೊಂಡಿದೆ ಎಂದರ್ಥ. ಒಮ್ಮೆ ಸಿಡುಬು ಬಂದವರಿಗೆ ಮತ್ತೆ ಸಾಮಾನ್ಯವಾಗಿ ಬರುತ್ತಿರಲಿಲ್ಲ ಅಲ್ವಾ? ರೋಗವನ್ನು ನೆನಪಿಡುವ ಅದೇ ಶಕ್ತಿ ಒಡಹುಟ್ಟಿದವನ ಚರ್ಮವನ್ನೂ ನೆನಪಿಟ್ಟಿತ್ತು. 1943ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು. ಮೆಡವಾರ್ ಆಮೇಲೆ ಮೊಲಗಳ ಮೇಲೆ ಮಾಡಿ ಮತ್ತೆ ಖಾತ್ರಿ ಮಾಡಿಕೊಂಡರು.

ಅತ್ತೆಯ ಲೆಕ್ಕದಲ್ಲಿ ದಿನ ಕಳೆದಂತೆ ಸಲಿಗೆ ಬೆಳೆಯಬೇಕು. ಮೈಯ ಲೆಕ್ಕ ಉಲ್ಟಾ. ನೋಡಿದಷ್ಟೂ ಹಗೆ ಗಟ್ಟಿಯಾಗುತ್ತದೆ.

ಇನ್ನು “ಸ್ವಂತ ಅಕ್ಕ” ಅನ್ನುವ ಮಾತು. ನಮ್ಮ ಕಡೆ ಕುರುಬರು ಬೇರೆ ಬೇರೆ ಮನೆಯ ಕುರಿ ಕೂಡಿದಾಗ ಗೊಂದಲ ಆಗಬಾರದು ಎಂದು ಬೆನ್ನಿಗೆ ಬಣ್ಣದ ಗುರುತು ಹಚ್ಚುತ್ತಾರೆ. ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೂ ಅಂಥ ಗುರುತು ಇದೆ. ಎಚ್‌ಎಲ್‌ಎ ಎನ್ನುತ್ತಾರೆ. ಫ್ರಾನ್ಸಿನ ಜಾನ್ ಡೋಸೆ 1958ರಲ್ಲಿ ಇದರಲ್ಲಿ ಮೊದಲನೆಯದನ್ನು ಪತ್ತೆ ಮಾಡಿದರು, 1980ರಲ್ಲಿ ಅವರಿಗೂ ನೊಬೆಲ್ ಸಿಕ್ಕಿತು. ಆರನೇ ಕ್ರೋಮೋಸೋಮ್‌ನಲ್ಲಿ ಈ ಗುರುತಿನ ಜೀನುಗಳು ಒತ್ತೊತ್ತಾಗಿ ಕೂತಿವೆ. ಹಾಗಾಗಿ ಸಾಮಾನ್ಯವಾಗಿ ಒಂದು ಕಟ್ಟಾಗಿಯೇ ಮಕ್ಕಳಿಗೆ ಬರುತ್ತವೆ.

ಅಪ್ಪನ ಹತ್ತಿರ ಎರಡು ಕಟ್ಟು, ಅವ್ವನ ಹತ್ತಿರ ಎರಡು ಕಟ್ಟು. ಪ್ರತಿ ಮಗುವಿಗೆ ಅಪ್ಪನಿಂದ ಒಂದು, ಅವ್ವನಿಂದ ಒಂದು. ಹೀಗೆ ನಾಲ್ಕು ಬಗೆಯ ಜೋಡಿ ಆಗಬಹುದು. ಒಡಹುಟ್ಟಿದ ಇಬ್ಬರಲ್ಲಿ ಎರಡೂ ಕಟ್ಟು ಒಂದೇ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು. ಉಳಿದ ಒಂದು ಪಾಲಿನಲ್ಲಿ ಏನೂ ಹೊಂದುವುದಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದರೂ. ನಮ್ಮ ತಮ್ಮನಿಗೆ ಅಕ್ಕನದು ಅರ್ಧ ಹೊಂದಿತ್ತು. ‘ರಕ್ತ ಸಂಬಂಧ’ ಅನ್ನುವುದು ಮದುವೆ ಮಾತುಕತೆಗೆ ಸರಿ. ಬಿಳಿ ಕಣಗಳು ಸಂಬಂಧ ಕೇಳುವುದಿಲ್ಲ, ಗುರುತು ನೋಡುತ್ತವೆ. ಇಡೀ ಗುರುತು ಹೊಂದಿದ ಅಣ್ಣತಮ್ಮಂದಿರ ನಡುವೆಯೂ ಸಣ್ಣಪುಟ್ಟ ವ್ಯತ್ಯಾಸ ಉಳಿದೇ ಇರುತ್ತದೆ, ಅವರಿಗೂ ಗುಳಿಗೆ ತಪ್ಪುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಬಿಳಿ ಕಣಗಳಲ್ಲಿ ಟಿ ಕಣ ಎಂಬ ಒಂದು ಬಗೆ ಇದೆ. ಯಾವುದೋ ಒಂದು ವೈರಸ್ಸಿನ ತುಣುಕನ್ನು ಗುರುತಿಸುವ ಟಿ ಕಣಗಳು ಲಕ್ಷಕ್ಕೆ ಒಂದೆರಡು ಇರಬಹುದು, ಇನ್ನೂ ಕಡಿಮೆಯೂ ಇರಬಹುದು. ಆದರೆ ಪರರ ಎಚ್‌ಎಲ್‌ಎ ಕಂಡರೆ ಕೆರಳುವ ಟಿ ಕಣಗಳು ನೂರಕ್ಕೆ ಒಂದರಿಂದ ಹತ್ತರವರೆಗೆ! ಮೈ ವೈರಸ್ಸಿಗಿಂತ ಜಾಸ್ತಿ ಜೋರಾಗಿ ಕಸಿ ಅಂಗದ ಮೇಲೆ ಬೀಳುವುದು ಇದಕ್ಕೇ.

ಹೊಡೆತವೂ ಒಂದೇ ಬಗೆಯದಲ್ಲ. ಪರರ ಗುರುತಿನ ವಿರುದ್ಧ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಮೊದಲೇ ರಕ್ತದಲ್ಲಿ ಇದ್ದರೆ ಆಪರೇಷನ್ ಟೇಬಲ್ ಮೇಲೇ ಕಿಡ್ನಿ ಕಪ್ಪಿಟ್ಟು ಸತ್ತುಹೋಗಬಹುದು, ನಿಮಿಷಗಳಲ್ಲಿ. ಮೊದಲೇ ಹೇಗೆ ಬಂದಿರುತ್ತದೆ? ಮೂರು ದಾರಿ: ಹಿಂದೆ ರಕ್ತ ಏರಿಸಿಕೊಂಡಿದ್ದರೆ, ಹಿಂದೆ ಕಸಿ ಆಗಿದ್ದರೆ, ಇಲ್ಲವೇ ಬಸುರಿ ಆಗಿದ್ದರೆ. ಮೂರನೆಯದು ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಯ ಮಗುವಿನಲ್ಲಿ ಅರ್ಧ ಗುರುತು ಗಂಡನದು. ತಾಯಿಯ ಮೈ ಅದನ್ನು ನೋಡಿ ಪ್ರತಿಕಾಯ ಮಾಡಿಟ್ಟುಕೊಂಡಿರಬಹುದು. ಆಮೇಲೆ ಯಾವಾಗಲೋ ಅವಳ ಕಿಡ್ನಿ ಕೆಟ್ಟು ಗಂಡ ಕೊಡುತ್ತೇನೆ ಎಂದು ಮುಂದೆ ಬಂದರೆ ಅವನದೇ ಆಗದೆ ಹೋಗಬಹುದು! ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ರಕ್ತ ಕಡಿಮೆ ಆಗುವುದು ಮಾಮೂಲಿ. ಕಸಿಗೆ ಕಾಯುತ್ತಿರುವವರಿಗೆ ಬಾಟಲಿ ರಕ್ತ ಏರಿಸುವ ಮುಂಚೆ ಡಾಕ್ಟರು ಹಿಂದೆಮುಂದೆ ನೋಡುವುದು ಇದೇ ಕಾರಣಕ್ಕೆ. ಜಿಪುಣತನ ಅಲ್ಲ.

ಇದನ್ನು ಹಿಡಿಯಲು ಕ್ರಾಸ್‌ಮ್ಯಾಚ್ ಎಂಬ ಪರೀಕ್ಷೆ ಇದೆ. ಕೊಡುವವರ ಬಿಳಿ ಕಣ, ಪಡೆಯುವವರ ರಕ್ತದ ನೀರು ಕೂಡಿಸಿ ನೋಡುತ್ತಾರೆ. ಕಣ ಸತ್ತರೆ ಆ ಜೋಡಿ ಬೇಡ. 1960ರ ದಶಕದಲ್ಲಿ ಪಾಲ್ ತೆರಸಾಕಿ ಈ ಪರೀಕ್ಷೆಯನ್ನು ಬಳಕೆಗೆ ತಂದ ಮೇಲೆ ಟೇಬಲ್ ಮೇಲೆ ಅಂಗ ಸಾಯುವುದು ಬಹಳ ಅಪರೂಪ ಆಯಿತು.

ಮೈ ಕಸಿ ಅಂಗವನ್ನು ಹೊಡೆದು ಕೆಡಿಸುವುದಕ್ಕೆ ‘ತಿರಸ್ಕಾರ’ ಎನ್ನುತ್ತಾರೆ. ಸಾಮಾನ್ಯ ತಿರಸ್ಕಾರ ಬರುವುದು ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ. ಇದರ ಕಾಟ ಏನೆಂದರೆ, ಬಹಳ ಸಲ ನೋವೇ ಇರುವುದಿಲ್ಲ. ಜ್ವರ ಇಲ್ಲ, ಬಾವು ಇಲ್ಲ, ಊಟ ಸೇರುತ್ತಿರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಮಾತ್ರ ಮೆಲ್ಲಗೆ ಏರುತ್ತಿರುತ್ತದೆ. ವರ್ಷಗಟ್ಟಲೆ ಕಾದು ನಿಧಾನವಾಗಿ ಅಂಗವನ್ನು ಗಡುಸು ಮಾಡಿ ಕೊಲ್ಲುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಇನ್ನೂ ಗಟ್ಟಿ ಮದ್ದು ಸಿಕ್ಕಿಲ್ಲ.

ಮತ್ತೆ ಮೆಡವಾರ್ ಕಡೆಗೆ. ಇದು ನನಗೆ ಬಲು ಇಷ್ಟವಾದ ಭಾಗ, ಯಾಕೆಂದರೆ ಇದರಲ್ಲಿ ದನ ಬರುತ್ತವೆ. 1948ರಲ್ಲಿ ಒಂದು ಸಮ್ಮೇಳನದಲ್ಲಿ ಪಶುತಜ್ಞನೊಬ್ಬ ಅವರನ್ನು ಕೇಳಿದ: ಅವಳಿ ಕರುಗಳು ಒಂದೇ ಅಚ್ಚಿನವೋ ಬೇರೆ ಬೇರೆಯವೋ ಹೇಗೆ ಹೇಳುವುದು? ಮೆಡವಾರ್ ಅಂದರು, ಅದೇನು ಮಹಾ, ಒಂದರ ಚರ್ಮ ಇನ್ನೊಂದಕ್ಕೆ ಹಚ್ಚಿ. ಹಿಡಿದರೆ ಒಂದೇ ಅಚ್ಚು, ಬಿದ್ದರೆ ಬೇರೆ. ಹೋಗಿ ಹಚ್ಚಿದರು. ಹೆಚ್ಚುಕಡಿಮೆ ಎಲ್ಲ ಅವಳಿಗಳಲ್ಲೂ ಹಿಡಿದುಬಿಟ್ಟಿತು! ಹೋರಿಗರು, ಹೆಣ್ಣುಗರು ಜೋಡಿಯಲ್ಲೂ. ಅವು ಒಂದೇ ಅಚ್ಚು ಆಗಲು ಸಾಧ್ಯವೇ ಇಲ್ಲ.

ಇದಕ್ಕೆ ಉತ್ತರ 1945ರಲ್ಲೇ ಅಮೆರಿಕದ ರೇ ಓವೆನ್ ಎಂಬುವರ ಲೇಖನದಲ್ಲಿ ಇತ್ತು. ಹಸುವಿನ ಗರ್ಭದಲ್ಲಿ ಅವಳಿ ಕರುಗಳ ಮಾಸು ಕೂಡಿಕೊಂಡು ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಹೋರಿಯ ಜೊತೆ ಹುಟ್ಟಿದ ಮಣಕ ಸಾಮಾನ್ಯವಾಗಿ ಗಬ್ಬ ಆಗುವುದಿಲ್ಲ ಎನ್ನುವುದು ದನ ಸಾಕಿದವರಿಗೆ ಗೊತ್ತು. ಅದಕ್ಕೂ ಇದೇ ಹರಿವು ಕಾರಣ. ಹುಟ್ಟುವ ಮುಂಚೆ ಯಾವುದನ್ನು ನೋಡಿತೋ ಅದನ್ನು ಕಾವಲುಗಾರ ‘ನಮ್ಮದು’ ಎಂದು ಬರೆದುಕೊಳ್ಳುತ್ತಾನೆ. ಮೆಡವಾರ್ ತಮ್ಮ ಜೊತೆಗಾರರಾದ ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಜೊತೆ ಇದನ್ನು ಇಲಿಗಳಲ್ಲಿ ಮಾಡಿ ನೋಡಿದರು. ತಾಯಿಯ ಹೊಟ್ಟೆಯಲ್ಲಿದ್ದ ಕಂದು ಇಲಿಮರಿಗೆ ಬಿಳಿ ಜಾತಿಯ ಇಲಿಯ ಜೀವಕೋಶ ಚುಚ್ಚಿದರು. ಮರಿ ಹುಟ್ಟಿ ದೊಡ್ಡದಾದ ಮೇಲೆ ಆ ಬಿಳಿ ಜಾತಿಯ ಚರ್ಮ ಹಚ್ಚಿದರು. ಹಿಡಿಯಿತು. ಕಂದು ಇಲಿಯ ಮೈಮೇಲೆ ಬಿಳಿ ಕೂದಲಿನ ತೇಪೆ. ಯಾವ ಗುಳಿಗೆಯೂ ಇಲ್ಲದೆ. ಅದು 1953. ಏಳು ವರ್ಷದ ಮೇಲೆ ಮೆಡವಾರ್ ಮತ್ತು ಆಸ್ಟ್ರೇಲಿಯಾದ ಬರ್ನೆಟ್ ನೊಬೆಲ್ ಹಂಚಿಕೊಂಡರು. ಓವೆನ್‌ಗೆ ಸಿಗಲಿಲ್ಲ. ಅನ್ಯಾಯವೇ ಆಯಿತು ಎನ್ನುವುದು ನನ್ನ ಅಭಿಪ್ರಾಯ.

ಆದರೆ ಮನುಷ್ಯನಿಗೆ ಇದರಿಂದ ಏನು ಲಾಭ? ನಲವತ್ತು ವರ್ಷದ ಮೇಲೆ ಇಂಥವರ ಕಿಡ್ನಿ ಬೇಕಾಗುತ್ತದೆ ಎಂದು ಹುಟ್ಟುವ ಮುಂಚೆಯೇ ಯಾರಿಗೆ ಗೊತ್ತಿರುತ್ತದೆ? 1954ರ ಡಿಸೆಂಬರ್ 23ರಂದು ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಒಂದೇ ಅಚ್ಚಿನ ಅವಳಿ ಸಹೋದರರ ನಡುವೆ. ಅವರು ಒಂದೇ ಅಚ್ಚು ಹೌದೋ ಅಲ್ಲವೋ ಎಂದು ಮೊದಲು ಚರ್ಮ ಹಚ್ಚಿಯೇ ನೋಡಿದ್ದರು, ಮೆಡವಾರ್ ಕರುಗಳಿಗೆ ಹೇಳಿದಂತೆ. ಕಿಡ್ನಿ ಪಡೆದವನು ಎಂಟು ವರ್ಷ ಬದುಕಿದ. ಅವಳಿ ಇಲ್ಲದವರು ಏನು ಮಾಡಬೇಕು? ಇಡೀ ಮೈಗೆ ಎಕ್ಸ್‌ರೇ ಹೊಡೆದು ಕಾವಲುಗಾರರನ್ನೇ ಕೊಂದು ನೋಡಿದರು. ಹೆಚ್ಚಿನವರು ಸೋಂಕಿನಿಂದ ಸತ್ತರು. 1960ರ ಸುಮಾರಿಗೆ ಕಾವಲನ್ನು ಮಂದ ಮಾಡುವ ಅಜಥಯೋಪ್ರಿನ್ ಎಂಬ ಔಷಧ ಬಂತು, ಅದಕ್ಕೆ ಸ್ಟಿರಾಯ್ಡ್ ಸೇರಿಸಿದರು, ಸ್ವಲ್ಪ ದಾರಿ ಕಂಡಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ಆದದ್ದು ಈ ಕಾಲದಲ್ಲೇ.

ದೊಡ್ಡ ತಿರುವು ಬಂದದ್ದು ಮಣ್ಣಿನಿಂದ. ಬೀದರ್ ಕಡೆಯವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ಬಿದರಿ ಪಾತ್ರೆಗೆ ಆ ಕಪ್ಪು ಬಣ್ಣ ಕೊಡುವುದು ಬೀದರ್ ಕೋಟೆಯ ಮಣ್ಣು. ಕೆಲಸಗಾರರು ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಮಣ್ಣು ಆರಿಸುತ್ತಾರೆ. ಹಾಗೆಯೇ ಸ್ವಿಟ್ಜರ್ಲೆಂಡ್‌ನ ಸ್ಯಾಂಡೋಜ್ ಎಂಬ ಔಷಧ ಕಂಪನಿಯ ನೌಕರರು ರಜೆಗೆ ಹೋದಲ್ಲೆಲ್ಲ ಒಂದು ಚೀಲ ಮಣ್ಣು ತರುವ ರೂಢಿ ಇತ್ತು. ಹೊಸ ಆ್ಯಂಟಿಬಯೋಟಿಕ್ ಸಿಗಬಹುದು ಎಂಬ ಆಸೆ. 1969ರಲ್ಲಿ ನಾರ್ವೆಯ ಒಂದು ಬೋಳು ಪ್ರಸ್ಥಭೂಮಿಯಿಂದ ಬಂದ ಮಣ್ಣಿನಲ್ಲಿ ಒಂದು ಬೂಷ್ಟು ಸಿಕ್ಕಿತು. ಅದರ ರಸ ಆ್ಯಂಟಿಬಯೋಟಿಕ್ ಆಗಿ ಅಂಥಾದ್ದೇನಲ್ಲ. ಆದರೆ 1972ರಲ್ಲಿ ಜಾನ್ ಬೊರೆಲ್ ಮತ್ತು ಜೊತೆಗಾರರು ಗಮನಿಸಿದರು: ಇದು ಕಣಗಳನ್ನು ಕೊಲ್ಲದೆ ಬರೀ ಟಿ ಕಣಗಳ ಕೈ ಕಟ್ಟುತ್ತದೆ. ಸೈಕ್ಲೋಸ್ಪೋರಿನ್ ಎಂದು ಹೆಸರಾಯಿತು. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ರೋಗಿಗಳಿಗೆ ಕೊಟ್ಟರು. ಲಿವರ್, ಹೃದಯದ ಕಸಿ ದಿನನಿತ್ಯದ ಕೆಲಸ ಆದದ್ದು ಇದರ ನಂತರವೇ. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ ಇನ್ನೂ ಬಲವಾದದ್ದು ಸಿಕ್ಕಿತು, ಟ್ಯಾಕ್ರೊಲಿಮಸ್. ತಮ್ಮನ ಡಬ್ಬಿಯಲ್ಲಿರುವುದು ಅದೇ.

ಅದು ಮಾಡುವ ಕೆಲಸ ಇಷ್ಟೇ. ಟಿ ಕಣ ಪರರ ಗುರುತು ಕಂಡಾಗ ಒಳಗೆ ಒಂದು ಗಂಟೆ ಬಾರಿಸುತ್ತದೆ. ಗಂಟೆ ಕೇಳಿ ಒಂದು ಕಣ ಸಾವಿರ ಆಗುತ್ತದೆ, ಆ ಸಾವಿರ ಹೋಗಿ ಕಿಡ್ನಿ ಮೇಲೆ ಬೀಳುತ್ತದೆ. ಟ್ಯಾಕ್ರೊಲಿಮಸ್ ಆ ಗಂಟೆಗೆ ಬಟ್ಟೆ ಸುತ್ತುತ್ತದೆ. ಡಬ್ಬಿಯ ಎರಡನೇ ಗುಳಿಗೆ ಮೈಕೊಫೆನೊಲೇಟ್, ಒಂದು ಸಾವಿರ ಆಗುವುದನ್ನು ತಡೆಯುತ್ತದೆ. ಬೆಳಿಗ್ಗೆ ಒಂದು ಚೂರು ಸ್ಟಿರಾಯ್ಡ್ ಇದೆ. ಕಾವಲುಗಾರ ಸತ್ತಿಲ್ಲ, ಮರೆತಿಲ್ಲ. ತೂಕಡಿಸುತ್ತಿದ್ದಾನೆ. ಕಿಡ್ನಿಯೂ ಎಂಟು ವರ್ಷವಾದರೂ ಅಕ್ಕನದೇ, ಅದರ ಗುರುತು ಬದಲಾಗಿಲ್ಲ. ಮೊದಲ ವರ್ಷದ ನಂತರ ಗುಳಿಗೆಯ ಪ್ರಮಾಣ ಕಡಿಮೆ ಮಾಡುತ್ತಾರೆ, ಅಷ್ಟರಮಟ್ಟಿಗೆ ಅತ್ತೆಯ ಮಾತೂ ನಿಜ. ಪೂರಾ ಬಿಡಿಸುವುದಿಲ್ಲ.

ಎಂಟು ಗಂಟೆಯ ಹಟ ಯಾಕೆ? ಈ ಔಷಧದ ಅಂತರ ಬಹಳ ಸಣ್ಣದು. ಸ್ವಲ್ಪ ಕಡಿಮೆ ಆದರೆ ತಿರಸ್ಕಾರ, ಸ್ವಲ್ಪ ಜಾಸ್ತಿ ಆದರೆ ಅದೇ ಔಷಧ ಅದೇ ಕಿಡ್ನಿಯನ್ನು ಕೆಡಿಸುತ್ತದೆ. ಕೈ ನಡುಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಬಿಪಿ ಏರುತ್ತದೆ. ಹಾಗಾಗಿ ಹನ್ನೆರಡು ತಾಸಿಗೊಮ್ಮೆ, ರಕ್ತದಲ್ಲಿ ಒಂದೇ ಮಟ್ಟ ಇರಬೇಕು. ಆ ಮಟ್ಟ ನೋಡಲು ಮುಂಜಾನೆ ಗುಳಿಗೆ ನುಂಗದೆ ಲ್ಯಾಬಿಗೆ ಹೋಗಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ಮರೆತು ನುಂಗಿ ಹೋದರೆ ಲೆಕ್ಕ ತಪ್ಪು ಬರುತ್ತದೆ, ದುಡ್ಡೂ ವ್ಯರ್ಥ.

ಮೂರನೇ ವರ್ಷ ನಮಗೊಂದು ಪೆಟ್ಟು ಬಿತ್ತು. ಕಲಬುರಗಿಯ ಒಂದು ಔಷಧ ಅಂಗಡಿಯಲ್ಲಿ ತಮ್ಮ ನುಂಗುತ್ತಿದ್ದ ಕಂಪನಿಯ ಗುಳಿಗೆ ಇರಲಿಲ್ಲ. “ಅದೇ ಅದಾರೀ, ಕಂಪನಿ ಅಷ್ಟೇ ಬ್ಯಾರೆ” ಎಂದು ಬೇರೆ ಕೊಟ್ಟರು. ಔಷಧ ಒಂದೇ ಇರಬಹುದು, ಆದರೆ ಮೈಗೆ ಎಷ್ಟು ಸೇರುತ್ತದೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗಬಹುದು. ಬದಲಿಸಿದರೆ ಮಟ್ಟ ನೋಡಲೇಬೇಕು. ನಮಗೆ ಗೊತ್ತಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ 1.2 ಇದ್ದ ಕ್ರಿಯಾಟಿನಿನ್ 1.9 ಆಗಿತ್ತು. ತಮ್ಮ ಗಟ್ಟಿಮುಟ್ಟಾಗೇ ಇದ್ದ, ಹಿಂದಿನ ದಿನ ಆಳಂದಕ್ಕೆ ಬೈಕಿನಲ್ಲಿ ಹೋಗಿಬಂದಿದ್ದ. ರಾತ್ರೋರಾತ್ರಿ ಹೈದರಾಬಾದಿಗೆ ಓಡಿದೆವು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು, ತಿರಸ್ಕಾರ ಶುರುವಾಗಿತ್ತು. ಮೂರು ದಿನ ಸ್ಟಿರಾಯ್ಡ್ ಏರಿಸಿದರು. 1.4ಕ್ಕೆ ಬಂದು ನಿಂತಿತು, 1.2ಕ್ಕೆ ಮತ್ತೆ ಇಳಿಯಲಿಲ್ಲ. ಆ ಅಂಗಡಿಯವನನ್ನು ಬೈದು ಏನು ಮಾಡುವುದು, ನಾವೂ ಕೇಳಲಿಲ್ಲವಲ್ಲ.

ಅಂದಿನಿಂದ ಮನೆಯಲ್ಲಿ ಒಂದು ತಿಂಗಳ ಗುಳಿಗೆ ಮುಂಗಡ ಇರುತ್ತದೆ. ಚಕ್ಕೋತ ಮನೆಗೆ ಬರುವುದಿಲ್ಲ, ಆ ಜಾತಿಯ ಹಣ್ಣುಗಳು ಔಷಧದ ಮಟ್ಟ ಏರಿಸಬಹುದು. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ ಬಂದ್, ಹಲವು ನೋವಿನ ಗುಳಿಗೆಗಳು ಕಿಡ್ನಿಗೆ ನೇರ ಪೆಟ್ಟು ಕೊಡುತ್ತವೆ. ಭೇದಿ ಆದರೂ ಫೋನ್ ಮಾಡಬೇಕು, ಆಗಲೂ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಯಾರಾದರೂ ಕೆಮ್ಮುತ್ತಿದ್ದರೆ ತಮ್ಮ ದೂರ ಕೂಡುತ್ತಾನೆ. ಕೆಲವರಿಗೆ ಸೊಕ್ಕು ಅನ್ನಿಸುತ್ತದೆ. ತೂಕಡಿಸುವ ಕಾವಲುಗಾರನ ಮನೆಗೆ ಕಳ್ಳ ಬರುವುದು ಸುಲಭ, ನಮ್ಮ ದೇಶದಲ್ಲಿ ಆ ಕಳ್ಳ ಬಹಳ ಸಲ ಟಿಬಿ. ಅದಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವಂತೂ ಟ್ಯಾಕ್ರೊಲಿಮಸ್ ಮಟ್ಟವನ್ನು ಪಾತಾಳಕ್ಕೆ ಇಳಿಸುತ್ತದೆ. ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕೈಬಿಡುತ್ತದೆ.

ಮೆಡವಾರರ ಬಿಳಿ ತೇಪೆಯ ಇಲಿಯನ್ನು ಮನುಷ್ಯರಲ್ಲಿ ಮಾಡುವ ಪ್ರಯತ್ನ ನಿಂತಿಲ್ಲ. ಕಿಡ್ನಿ ಕೊಟ್ಟವರದೇ ಅಸ್ಥಿಮಜ್ಜೆಯನ್ನೂ (ಎಲುಬಿನೊಳಗೆ ರಕ್ತ ಹುಟ್ಟುವ ತಿರುಳು) ಕೂಡಿಸಿ ಕೊಟ್ಟು, ಎರಡು ಬಗೆಯ ರಕ್ತ ಒಂದೇ ಮೈಯಲ್ಲಿ ಇರುವಂತೆ ಮಾಡಿ, ಆಮೇಲೆ ಗುಳಿಗೆ ಬಿಡಿಸಿದ ಉದಾಹರಣೆಗಳು ಅಮೆರಿಕದಲ್ಲಿ ಇವೆ. ಆ ಅವಳಿ ಕರುಗಳ ಕಥೆಯೇ ಅದು. ಅಹಮದಾಬಾದಿನಲ್ಲಿ ಕಿಡ್ನಿ ತಜ್ಞ ಎಚ್. ಎಲ್. ತ್ರಿವೇದಿಯವರೂ ಕಾಂಡಕೋಶ (ಸ್ಟೆಮ್ ಸೆಲ್) ಕೊಟ್ಟು ಇದೇ ದಾರಿಯಲ್ಲಿ ಕೆಲಸ ಮಾಡಿದ್ದರು. ಕಾವಲುಗಾರರನ್ನು ಸಮಾಧಾನ ಮಾಡುವ ಬೇರೊಂದು ಬಗೆಯ ಟಿ ಕಣ ನಮ್ಮಲ್ಲೇ ಇದೆ ಎಂದು ತೋರಿಸಿದ ಶಿಮೋನ್ ಸಾಕಾಗುಚಿ ಮತ್ತು ಇನ್ನಿಬ್ಬರಿಗೆ 2025ರ ನೊಬೆಲ್ ಬಂತು. ಆ ಕಣಗಳನ್ನು ಹೊರಗೆ ಬೆಳೆಸಿ ಕಸಿಯಾದವರಿಗೆ ಕೊಡುವ ಪ್ರಯೋಗ ನಡೆಯುತ್ತಿದೆ. ಆದರೆ ಇವೆಲ್ಲ ಆಯ್ದ ಕೆಲವರಲ್ಲಿ, ಹತ್ತಿರದ ಕಾವಲಿನಲ್ಲಿ. ಗುಳಿಗೆ ಬಿಟ್ಟವರಲ್ಲಿ ಕೆಲವರಿಗೆ ಮತ್ತೆ ಶುರು ಮಾಡಬೇಕಾಗಿ ಬಂದದ್ದೂ ಇದೆ.

ಒಂಬತ್ತಕ್ಕೆ ತಮ್ಮ ಊಟಕ್ಕೆ ಕೂತಾಗ ಇದನ್ನೆಲ್ಲ ಅತ್ತೆಗೆ ನಾನು ಬಂದಷ್ಟು ಹೇಳಿದ್ದೆ. ಕರುವಿನ ಕಥೆ ಅವರಿಗೆ ಹಿಡಿಸಿತು. ರೊಟ್ಟಿ ಹಾಕುತ್ತಾ ತಮ್ಮನನ್ನೇ ಕೇಳಿದರು, “ಹಂಗಾದ್ರ ಎಂದರ ಬಿಟ್ಟ ನೋಡ್ಬೇಕಂತ ಅನಸಂಗಿಲ್ಲೇನಪಾ?”

“ನಂದಾಗಿದ್ರ ನೋಡ್ತಿದ್ನೇನೋ ಅತ್ತಿ,” ಅಂದ. “ಅಕ್ಕಂದದಲ್ಲ.” ಆಮೇಲೆ ಎಣ್ಣೆಗಾಯಿ ಇನ್ನೊಂದು ಹಾಕಿಸಿಕೊಂಡ.